ಪರಊರಿನ ಮ್ಯಾಚಿಗೆ ಹೋಗುವ ಬಸ್ಸು ಯಾರದ್ದು?

ಕಿಟಕಿ ಸೀಟು:
ಟಿವಿಯಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್ಬಾಲ್ ನೋಡುವವರಿಗೆಲ್ಲ ಗೊತ್ತು, ಸ್ಟೇಡಿಯಂನ ಒಂದು ಮೂಲೆಯಲ್ಲಿ ಒಂದು ಗುಂಪು ಶುರುವಿನಿಂದ ಕೊನೆಯವರೆಗೂ ನಿಂತೇ ಹಾಡುತ್ತಿರುತ್ತದೆ. ಎದುರು ತಂಡದ ಊರಿಂದ ಬಂದವರು. ಅವರಿಗೆ 3,000 ಟಿಕೆಟ್ ಇಡಬೇಕು ಅನ್ನೋದು ಲೀಗಿನ ನಿಯಮ. ಸ್ಟೇಡಿಯಂ 30,000ಕ್ಕಿಂತ ಚಿಕ್ಕದಾದರೆ ಒಟ್ಟು ಸೀಟುಗಳ ಶೇ. 10. ಇವರೆಲ್ಲ ಹೇಗೆ ಬಂದರು, ರಾತ್ರಿ ಹೇಗೆ ವಾಪಸ್ ಹೋಗುತ್ತಾರೆ ಅನ್ನೋದನ್ನು ಯಾವ ಕ್ಯಾಮೆರಾನೂ ತೋರಿಸೋದಿಲ್ಲ.

ನಾನು ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಕೆಲಸದಲ್ಲಿದ್ದೇನೆ. ಕೆಳಗಿನ ಡಿವಿಷನ್ನಿನ ಒಂದು ಕ್ಲಬ್ಬಿನ ಅಭಿಮಾನಿಗಳ ಬಸ್ಸಲ್ಲಿ ಆಗಾಗ ಪರಊರಿನ ಮ್ಯಾಚಿಗೆ ಹೋಗುತ್ತೇನೆ. ಅಲ್ಲಿ ಪ್ರತಿ ಸಲ ಒಂದೇ ಜಗಳ. ಹಿರಿಯರು, "ಮೊದಲು ಬಸ್ಸು ನಮ್ಮದಾಗಿತ್ತು, ಈಗ ಪೊಲೀಸರದ್ದು" ಅನ್ನುತ್ತಾರೆ. ಹುಡುಗರು, "ನಿಮ್ಮ ಕಾಲದಲ್ಲಿ ಕಿಟಕಿ ಗಾಜು ಉಳಿಯುತ್ತಿತ್ತಾ?" ಅಂತ ಕೇಳುತ್ತಾರೆ. ಇಬ್ಬರ ಮಾತಲ್ಲೂ ನಿಜ ಇದೆ ಅನಿಸುತ್ತದೆ. ಈ ಬಸ್ಸುಗಳ ಹಿಂದಿನ ಕಥೆ, ಈಗಿನ ಕಥೆ ಗೊತ್ತಿದ್ದವರು ಬರೆಯಿರಿ. ಕ್ಲಬ್ಬುಗಳ ಪರ ವಿರೋಧದ ಜಗಳ ಇಲ್ಲಿ ಬೇಡ.

ಎಡಗಾಲು:
ಮೋಟಾರು ಬಸ್ಸು ಬರುವ ಮೊದಲೇ ಇದು ಶುರುವಾಗಿತ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 'ಬ್ರೇಕ್ ಕ್ಲಬ್' ಅಂತ ಇದ್ದವು. ಇಲ್ಲಿ ಬ್ರೇಕ್ ಅಂದರೆ ಕುದುರೆ ಎಳೆಯುವ ದೊಡ್ಡ ತೆರೆದ ಗಾಡಿ, ಸುಮಾರು 25 ಜನ ಕೂರಬಹುದು. ಸೆಲ್ಟಿಕ್ ತಂಡದ ಅಭಿಮಾನಿಗಳು 1889ರ ಸುಮಾರಿಗೆ, ಅಂದರೆ ತಂಡ ಮೈದಾನಕ್ಕಿಳಿದು ವರ್ಷ ಒಂದೋ ಎರಡೋ ಆಗುವಷ್ಟರಲ್ಲಿ, ಸೇಂಟ್ ಮೇರೀಸ್ ಚರ್ಚಿನ ಸುತ್ತಿನ ಕೇರಿಯಲ್ಲಿ ಇಂಥ ಮೊದಲ ಕ್ಲಬ್ ಕಟ್ಟಿದರು. ಆಮೇಲೆ ಬೇರೆ ಬೇರೆ ಚರ್ಚಿನ ಕೇರಿಗಳಲ್ಲೂ ಹುಟ್ಟಿಕೊಂಡವು. ಪ್ರತಿ ಗಾಡಿಗೂ ಒಂದು ಬಣ್ಣದ ಪತಾಕೆ. ಅದರ ಮೇಲೆ ತಮಗೆ ಇಷ್ಟವಾದ ಆಟಗಾರನ ಚಿತ್ರ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಸಂಗತಿ ಬೇರೆ ಇದೆ. ಈ ಕ್ಲಬ್ಬುಗಳ ಬೇರು ಇದ್ದದ್ದು 'ಲೀಗ್ ಆಫ್ ದ ಕ್ರಾಸ್' ಅನ್ನೋ ಸಂಘದಲ್ಲಿ. ಅದು ಕ್ಯಾಥೊಲಿಕ್ಕರಲ್ಲಿ ಕುಡಿತ ಬಿಡಿಸುವ ಸಂಘ! ಕುಡಿಯದ ಹುಡುಗರು ಶನಿವಾರ ಒಟ್ಟಿಗೆ ಆಟ ನೋಡಲು ಹೋಗಲಿ ಅಂತ ಮಾಡಿದ ಏರ್ಪಾಡು. ಸುಮಾರು ತೊಂಬತ್ತು ವರ್ಷ ಆದ ಮೇಲೆ ಅದೇ ಊರಿನ ಬಸ್ಸುಗಳಲ್ಲಿ ಕುಡಿತ ನಿಲ್ಲಿಸಲು ಸರ್ಕಾರ ಕಾನೂನು ತರಬೇಕಾಯಿತು.

ಸುಮ್ನೆ ನೋಡುವವ:
ಚೆನ್ನಾಗಿದೆ ಗುರು. ಆದ್ರೆ ಆ ಗಾಡಿಗಳಲ್ಲಿ ಎಲ್ಲರೂ ಭಜನೆ ಮಾಡಿಕೊಂಡು ಹೋಗುತ್ತಿದ್ದರು ಅನ್ನೋ ಹಾಗೆ ಬರೆದಿದ್ದೀರಿ.

ಎಡಗಾಲು:
ಹಾಗೇನಿಲ್ಲ. ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಈ ಗಾಡಿಗಳು ಎದುರು ಗುಂಪಿನ ಕೇರಿ ದಾಟುವಾಗ ಕಲ್ಲು ಬೀಳುತ್ತಿತ್ತು, ಗಾಡಿಯವರೂ ಸುಮ್ಮನಿರುತ್ತಿರಲಿಲ್ಲ. ಪೊಲೀಸರಿಗೆ ಆಗಲೇ ತಲೆನೋವು. ನಾನು ಹೇಳುತ್ತಿರುವುದು ಒಳ್ಳೆಯವರಾ ಕೆಟ್ಟವರಾ ಅನ್ನೋದರ ಬಗ್ಗೆ ಅಲ್ಲ. ಗಾಡಿ ಯಾರದ್ದು ಅನ್ನೋದು. ಬಾಡಿಗೆ ಕೂಡಿಸಿದ್ದು, ಪತಾಕೆ ಬರೆಸಿದ್ದು, ಯಾರನ್ನು ಹತ್ತಿಸಬೇಕು ಅಂತ ತೀರ್ಮಾನ ಮಾಡಿದ್ದು, ಎಲ್ಲ ಕೇರಿಯವರೇ. ಫುಟ್ಬಾಲ್ ಕ್ಲಬ್ಬಿಗೆ ಇದರಲ್ಲಿ ಕೆಲಸವೇ ಇರಲಿಲ್ಲ.

ಮೂರನೇ ಗೇರು:
ನಡುವಿನ ಕಾಲವನ್ನು ಬೇಗ ಮುಗಿಸಿಬಿಡುತ್ತೇನೆ. ಮೊದಲ ಮಹಾಯುದ್ಧದ ನಂತರ ಕುದುರೆ ಹೋಗಿ ಶಾರಾಬ್ಯಾಂಕ್ ಅನ್ನೋ ತೆರೆದ ಮೋಟಾರು ಗಾಡಿ ಬಂತು. ದೂರದ ಊರಿಗೆ ಮಾತ್ರ ರೈಲೇ ಗತಿ. ಮ್ಯಾಚಿಗೆಂದೇ ಬಿಡುವ 'ಫುಟ್ಬಾಲ್ ಸ್ಪೆಷಲ್' ರೈಲುಗಳು ಎರಡನೇ ಯುದ್ಧದ ನಂತರ ಜೋರಾಗಿ ಓಡಿದವು. 1959ರ ನವೆಂಬರಿನಲ್ಲಿ ಎಂ1 ಹೆದ್ದಾರಿಯ ಮೊದಲ ದೊಡ್ಡ ಭಾಗ ತೆರೆಯಿತು. ಅದೇ ದಿನ ವಾಟ್‌ಫರ್ಡ್ ಗ್ಯಾಪ್ ಅನ್ನೋ ತಂಗುದಾಣವೂ ಶುರುವಾಯಿತು. ಅಲ್ಲಿಂದ ಬಸ್ಸಿನ ಕಾಲ. ಎರಡು ಮೂರು ತಂಡಗಳ ಬಸ್ಸುಗಳು ಒಂದೇ ತಂಗುದಾಣದಲ್ಲಿ ಸೇರಿದರೆ ಏನಾಗುತ್ತದೆ ಅಂತ ಎಪ್ಪತ್ತರ ದಶಕ ತೋರಿಸಿಕೊಟ್ಟಿತು. 'ಮುಂಚೆ ತಿಳಿಸದ ಫುಟ್ಬಾಲ್ ಬಸ್ಸಿಗೆ ಪ್ರವೇಶವಿಲ್ಲ' ಅನ್ನೋ ಬೋರ್ಡುಗಳು ಹುಟ್ಟಿದ್ದು ಹೀಗೆ.

ಕಿಟಕಿ ಸೀಟು:
ನಮ್ಮ ಹಿರಿಯರು ಹೇಳುವ 'ನಮ್ಮ ಬಸ್ಸು' ಈ ಎಪ್ಪತ್ತರ ದಶಕದ್ದೇ. ಅವರ ಮಾತಲ್ಲಿ ಗಾಜು ಒಡೆದದ್ದೂ ಬರುತ್ತದೆ, ತಲೆ ಒಡೆದದ್ದೂ ಬರುತ್ತದೆ, ಆದ್ರೆ ಎರಡನ್ನೂ ನಗುನಗುತ್ತಾ ಹೇಳುತ್ತಾರೆ. ಆಗ ಚಳಿಗಾಲದಲ್ಲಿ, ಮುಂದಿನ ಗಾಜಿಲ್ಲದ ಬಸ್ಸಿನಲ್ಲಿ ಮೈಲಿಗಟ್ಟಲೆ ವಾಪಸ್ ಬಂದದ್ದನ್ನು ನಗುತ್ತಾ ಹೇಳಲು ಐವತ್ತು ವರ್ಷ ಬೇಕು ಅನಿಸುತ್ತದೆ.

ಸುಮ್ನೆ ನೋಡುವವ:
ಅದಕ್ಕೇ ಕಾನೂನು ಬಂದದ್ದು, ಅಲ್ವಾ? 1980ರ ಮೇ 10ರಂದು ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಸ್ಕಾಟಿಷ್ ಕಪ್ ಫೈನಲ್. ಅದೇ ಊರಿನ ರೇಂಜರ್ಸ್ ವಿರುದ್ಧ ಸೆಲ್ಟಿಕ್ 1-0 ಗೆದ್ದಿತು. ಆಟ ಮುಗಿದದ್ದೇ ತಡ, ಎರಡೂ ಕಡೆಯವರು ಮೈದಾನಕ್ಕೆ ನುಗ್ಗಿದರು. ಕುದುರೆ ಪೊಲೀಸರು ಬರಬೇಕಾಯಿತು. ಸ್ಕಾಟ್ಲೆಂಡಿನಲ್ಲಿ ಅದೇ ವರ್ಷದ ಕಾನೂನು ಸ್ಟೇಡಿಯಂ ಒಳಗೂ, ಅಲ್ಲಿಗೆ ಹೋಗುವ ಬಸ್ಸಿನಲ್ಲೂ ಮದ್ಯ ನಿಷೇಧಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅಂಥದ್ದೇ ಕಾನೂನು 1985ರಲ್ಲಿ ಬಂತು. ಆ ವರ್ಷ ಮಾರ್ಚ್‌ನಲ್ಲಿ ಲೂಟನ್ ತಂಡದ ಮೈದಾನದಲ್ಲಿ ಮಿಲ್ವಾಲ್ ಜೊತೆಗಿನ ಆಟದಲ್ಲಿ ದೊಡ್ಡ ದೊಂಬಿ ಆಗಿತ್ತು. ಲೂಟನ್ ಅಂತೂ 1986ರಿಂದ ನಾಲ್ಕು ಸೀಸನ್ ಪರಊರಿನವರಿಗೆ ಬಾಗಿಲೇ ಹಾಕಿಬಿಟ್ಟಿತು. ಅದಕ್ಕಾಗಿ ಲೀಗ್ ಕಪ್‌ನಿಂದ ಹೊರಗೆ ಕಳಿಸಿದರೂ ಜಗ್ಗಲಿಲ್ಲ. ಹಳೇ ಕಾಲ ಅಷ್ಟು ಚೆನ್ನಾಗಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು?

ಮೂರನೇ ಗೇರು:
ಕಾನೂನಿನ ವಿಷಯ ಬಂದದ್ದಕ್ಕೆ ನನ್ನ ಕೆಲಸದ ಕಡೆಯಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ನಾನು ಬಸ್ ಕಂಪನಿಯಲ್ಲಿ ಡ್ರೈವರುಗಳ ಡ್ಯೂಟಿ ಹಾಕುವವ. ಫುಟ್ಬಾಲ್ ಟ್ರಿಪ್ ಅಂದರೆ ನಮಗೆ ಎರಡು ಬೇರೆ ಬೇರೆ ನಿಯಮಗಳ ಕಂತೆ.

ಒಂದು ಕಂತೆ ಪೊಲೀಸರಿಗೆ ಸಂಬಂಧಿಸಿದ್ದು. ಇಂಗ್ಲೆಂಡಿನಲ್ಲಿ ಬಸ್ಸು ಬಾಡಿಗೆಗೆ ಕೊಡುವವರು ಮ್ಯಾಚಿಗೆ 48 ಗಂಟೆ ಮೊದಲು ಪೊಲೀಸರಿಗೆ ತಿಳಿಸಬೇಕು. ಆಟ ಶುರುವಾಗುವ ಎರಡು ಗಂಟೆಗಿಂತ ಮುಂಚೆ ಸ್ಟೇಡಿಯಂ ಹತ್ತಿರ ಹೋಗುವಂತಿಲ್ಲ. ಸ್ಟೇಡಿಯಂನಿಂದ ಹತ್ತು ಮೈಲಿಯೊಳಗೆ ಪೊಲೀಸರನ್ನು ಕೇಳದೆ ಎಲ್ಲೂ ನಿಲ್ಲಿಸುವಂತಿಲ್ಲ. ಆಟ ಮುಗಿದ ಒಂದು ಗಂಟೆಯೊಳಗೆ ಊರು ಬಿಡಬೇಕು. ಯಾರೋ ಒಬ್ಬ ಊಟಕ್ಕೆ ನಿಲ್ಲಿಸಿ ಅಂತ ಬೇಡಿಕೊಳ್ಳುತ್ತಾನೆ, ಡ್ರೈವರ್ ಆಗಲ್ಲ ಅನ್ನುತ್ತಾನೆ, ಬೈಗುಳ ತಿನ್ನುವುದು ಡ್ರೈವರ್.

ಇನ್ನೊಂದು ಕಂತೆ ಡ್ರೈವರಿನ ನಿದ್ದೆಗೆ ಸಂಬಂಧಿಸಿದ್ದು. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ಟ್ಯಾಕೋಗ್ರಾಫ್ ಅನ್ನೋ ಯಂತ್ರ ಪ್ರತಿ ನಿಮಿಷವನ್ನೂ ಬರೆದುಕೊಳ್ಳುತ್ತದೆ, ಅದರ ಹತ್ತಿರ ಮಾತಾಡಿ ಒಪ್ಪಿಸಲು ಆಗಲ್ಲ. ಈಗ ಪ್ಲಿಮತ್ ತಂಡ ಸಂಡರ್ಲ್ಯಾಂಡಿಗೆ ಆಡಲು ಹೋಗುತ್ತದೆ ಅಂದುಕೊಳ್ಳಿ. ಒಂದು ಕಡೆಗೇ ಸುಮಾರು 400 ಮೈಲಿ. ಬಸ್ಸಿಗೆ ಗಂಟೆಗೆ 62 ಮೈಲಿಯ ಮೇಲೆ ಹೋಗದ ಹಾಗೆ ಮಿತಿ ಕಟ್ಟಿರುತ್ತಾರೆ. ಟ್ರಾಫಿಕ್ ಸೇರಿಸಿದರೆ ಹೋಗಲು ಎಂಟು ಗಂಟೆ, ಬರಲು ಎಂಟು ಗಂಟೆ. ಇಬ್ಬರು ಡ್ರೈವರ್ ಬೇಕೇ ಬೇಕು. ಇಬ್ಬರಿದ್ದರೂ 30 ಗಂಟೆಯೊಳಗೆ 9 ಗಂಟೆ ವಿಶ್ರಾಂತಿ ಆಗಬೇಕು, ಅಂದರೆ ಕೆಲಸಕ್ಕೆ ಸಿಗುವುದು 21 ಗಂಟೆ. ಹದಿನಾರು ಗಂಟೆ ರಸ್ತೆಗೆ ಹೋಯಿತು. ಉಳಿದ ಐದು ಗಂಟೆಯಲ್ಲೇ ಆಟ, ಗೇಟಿನ ಸಾಲು, ಪಾರ್ಕಿಂಗಿನಿಂದ ಹೊರಬರುವ ನರಳಾಟ ಎಲ್ಲ ಮುಗಿಯಬೇಕು. ಕಪ್ ಮ್ಯಾಚ್ ಎಕ್ಸ್‌ಟ್ರಾ ಟೈಮಿಗೆ ಹೋದರೆ ಅಭಿಮಾನಿಗಳು ಉಗುರು ಕಚ್ಚುವುದು ಗೋಲಿಗಾಗಿ, ನಾನು ಕಚ್ಚುವುದು ಗಡಿಯಾರ ನೋಡಿ.

ಎಡಗಾಲು:
ಮೂರನೇ ಗೇರು ಅವರೇ, ನೀವು ಎರಡು ಕಂತೆ ಅಂತ ಬೇರೆ ಮಾಡಿದ್ದು ಸರಿಯಾಗಿದೆ. ಒಂದು ನಿಯಮ ಡ್ರೈವರನ್ನು ನೋಡಿ ಮಾಡಿದ್ದು, ಇನ್ನೊಂದು ಹಿಂದೆ ಕೂತವರನ್ನು ನೋಡಿ ಮಾಡಿದ್ದು. ಎರಡನ್ನೂ 'ಸುರಕ್ಷತೆ' ಅನ್ನೋ ಒಂದೇ ಚೀಲಕ್ಕೆ ಹಾಕಿದಾಗಲೇ ಹಿರಿಯರಿಗೆ ಸಿಟ್ಟು ಬರುವುದು. ಹಿಂದೆ ಕೂತವರಲ್ಲಿ ಅರವತ್ತು ದಾಟಿದ ಅಜ್ಜಿಯರೂ ಇರುತ್ತಾರೆ. ಅವರ ಬಸ್ಸಿಗೂ ಹತ್ತು ಮೈಲಿಯೊಳಗೆ ನಿಲ್ಲಲು ಅಪ್ಪಣೆ ಬೇಕು. ಅದೇ ಊರಿಗೆ ನಾಟಕ ನೋಡಲು ಹೊರಟ ಬಸ್ಸಿಗೆ ಬೇಡ.

ಸುಮ್ನೆ ನೋಡುವವ:
ನಾಟಕ ನೋಡಿ ಬಂದವರು ಊರಿನ ಅಂಗಡಿ ಗಾಜು ಒಡೆದ ಇತಿಹಾಸ ಇಲ್ಲವಲ್ಲ ಸ್ವಾಮಿ.

ಆಫ್‌ಸೈಡ್ ಅಕ್ಕ:
ನೀವಿಬ್ಬರೂ ಇಲ್ಲೇ ನಿಂತು ಮ್ಯಾಚ್ ಮುಗಿಸಿಬಿಡುತ್ತೀರಿ. ನಾನು ಸ್ಕಾಟ್ಲೆಂಡಿನಲ್ಲಿ ಈಗ ಬಸ್ಸು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಇಲ್ಲಿನ ದೊಡ್ಡ ತಂಡಗಳಿಗೆ ಪ್ರತಿ ಊರಲ್ಲೂ 'ಸಪೋರ್ಟರ್ಸ್ ಬಸ್' ಇರುತ್ತದೆ. ಹೆಸರಿಗೆ ಬಸ್ಸು, ನಿಜಕ್ಕೂ ಒಂದು ಸಂಘ. ಪರಊರಿಗೆ ಮಾತ್ರ ಅಲ್ಲ, ತಂಡದ ಸ್ವಂತ ಮೈದಾನಕ್ಕೂ ಅದೇ ಬಸ್ಸು, ಯಾಕಂದ್ರೆ ಅಭಿಮಾನಿಗಳು ದೇಶದ ತುಂಬ ಹರಡಿಕೊಂಡಿದ್ದಾರೆ. ಐರ್ಲೆಂಡಿನ ಉತ್ತರದಿಂದ ಬರುವವರಂತೂ ಬಸ್ಸು ಸಮೇತ ಹಡಗು ಹತ್ತುತ್ತಾರೆ. ಬೆಲ್‌ಫಾಸ್ಟ್‌ನಿಂದಲೋ ಲಾರ್ನ್‌ನಿಂದಲೋ ಕೇರ್ನ್‌ರಯನ್ ಬಂದರು, ಅಲ್ಲಿಂದ ಗ್ಲಾಸ್ಗೋ. ಬೆಳಗಾಗುವ ಮುಂಚೆ ಹೊರಟು, ಮನೆ ಸೇರುವಾಗ ಮಧ್ಯರಾತ್ರಿ. ಕಡಲು ಕೆಟ್ಟರೆ ಹಡಗು ಇಲ್ಲ, ಹಡಗು ಇಲ್ಲದಿದ್ದರೆ ಆಟವೂ ಇಲ್ಲ.

ಈ ಸಂಘವನ್ನು ನಡೆಸುವವರನ್ನು ಕನ್ವೀನರ್ ಅನ್ನುತ್ತಾರೆ. ಸಂಬಳ ಇಲ್ಲ. ಬಸ್ಸು ಗೊತ್ತು ಮಾಡುವುದು, ದುಡ್ಡು ವಸೂಲಿ, ಹೆಸರಿನ ಪಟ್ಟಿ, ಕಡೇ ಗಳಿಗೆಯಲ್ಲಿ ಬರಲ್ಲ ಅನ್ನುವವರ ಕಾಟ, ಎಲ್ಲ ಅವರ ತಲೆ ಮೇಲೆ. ಅದಕ್ಕಿಂತ ದೊಡ್ಡ ಕೆಲಸ ಟಿಕೆಟ್. ಎಷ್ಟೋ ಕಡೆ ಪರಊರಿನ ಟಿಕೆಟ್‌ಗಳಲ್ಲಿ ಒಂದು ಪಾಲು ಈ ಸಂಘಗಳ ಮೂಲಕವೇ ಹಂಚಿಕೆ ಆಗುತ್ತದೆ. ಬಸ್ಸಿನಲ್ಲಿ ಖಾಯಂ ಸೀಟು ಇದ್ದವರಿಗೆ ಟಿಕೆಟ್ ಸಿಗುವ ಆಸೆ ಜಾಸ್ತಿ. ಹಾಗಾಗಿ ಇದು ಬರೀ ಪ್ರಯಾಣ ಅಲ್ಲ, ಸರದಿ ಸಾಲು ಕೂಡ.

ಈ ಸರದಿ ಎಷ್ಟು ಬಿಗಿ ಅಂತ 2018ರಲ್ಲಿ ಗೊತ್ತಾಯಿತು. ರೇಂಜರ್ಸ್ ತಮ್ಮ ಮೈದಾನದಲ್ಲಿ ಸೆಲ್ಟಿಕ್ ಅಭಿಮಾನಿಗಳಿಗೆ ಕೊಡುತ್ತಿದ್ದ 7,000ಕ್ಕೂ ಹೆಚ್ಚು ಸೀಟನ್ನು 800ರ ಆಸುಪಾಸಿಗೆ ಇಳಿಸಿತು. ಸೆಲ್ಟಿಕ್ ಕೂಡ ಹಾಗೇ ಮಾಡಿತು. ಮುಂದೆ ಕೆಲವು ಆಟಗಳಿಗೆ ಎದುರು ಪಕ್ಷದವರು ಒಬ್ಬರೂ ಇಲ್ಲದ ಹಾಗಾಯಿತು. ಊರೂರಿಂದ ಬಸ್ಸು ತುಂಬಿ ಹೋಗುತ್ತಿದ್ದವರಿಗೆ ಒಂದೊಂದು ಬಸ್ಸಿಗೆ ಕೈಬೆರಳಲ್ಲಿ ಎಣಿಸುವಷ್ಟು ಟಿಕೆಟ್. ಅದನ್ನು ಯಾರಿಗೆ ಕೊಡಬೇಕು ಹೇಳಿ? ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಬಂದವರು ಮುಖ ತಿರುಗಿಸಿಕೊಂಡು ಕೂತದ್ದನ್ನು ನೋಡಿದ್ದೇನೆ. 2025ರ ಜನವರಿಯಿಂದ ಸ್ವಲ್ಪ ಸೀಟು ಮತ್ತೆ ಕೊಡುತ್ತಿದ್ದಾರೆ, ಮೊದಲಿನಷ್ಟಲ್ಲ.

ಕಿಟಕಿ ಸೀಟು:
ಅಕ್ಕ, ನಿಮ್ಮ ಬಸ್ಸಲ್ಲಿ ಹೆಂಗಸರು ಎಷ್ಟು ಜನ ಇರುತ್ತಾರೆ? ನಮ್ಮಲ್ಲಿ ಈಗ ಅಮ್ಮ ಮಗಳು ಜೋಡಿಗಳು ಖಾಯಂ.

ಆಫ್‌ಸೈಡ್ ಅಕ್ಕ:
ಮೊದಲಿಗಿಂತ ಎಷ್ಟೋ ಮೇಲು. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. "ಆ ಕಾಲದ ಬಸ್ಸು ಎಲ್ಲರದ್ದಾಗಿತ್ತು" ಅಂತ ಹಾಡುವ ಗಂಡಸರು, ಆ ಬಸ್ಸಿನಲ್ಲಿ ಹೆಂಗಸರು ಯಾಕೆ ಇರಲಿಲ್ಲ ಅಂತ ಯೋಚಿಸುವುದೇ ಇಲ್ಲ. ಟಾಯ್ಲೆಟ್ ಇಲ್ಲದ ಬಸ್ಸು, ಹತ್ತುವಾಗಲೇ ಕುಡಿದವರು, ದಾರಿಬದಿಯಲ್ಲಿ ನಿಲ್ಲಿಸು ಅನ್ನುವ ಕೂಗು. ನಾನು ಆ ಬಸ್ಸು ಹತ್ತುತ್ತಿರಲಿಲ್ಲ. ಮದ್ಯದ ಕಾನೂನನ್ನು ಯಾರು ಎಷ್ಟೇ ಬೈಯಲಿ, ನನ್ನಂಥವರು ಬಸ್ಸಿಗೆ ಬಂದದ್ದರಲ್ಲಿ ಅದರ ಪಾಲೂ ಇದೆ.

ಎಡಗಾಲು:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪಿದೆ. ಆದ್ರೆ ಮದ್ಯ ನಿಲ್ಲಿಸುವುದು ಬೇರೆ, ಪ್ರಯಾಣವನ್ನೇ ಕಟ್ಟಿಹಾಕುವುದು ಬೇರೆ.

ಲಾಂಗ್ ಪಾಸ್:
ಕಟ್ಟಿಹಾಕುವುದು ಅಂದ್ರೆ ಏನು ಅಂತ ನೋಡಬೇಕಾದರೆ ನೆದರ್ಲ್ಯಾಂಡ್ಸ್‌ಗೆ ಬನ್ನಿ. ಇಲ್ಲಿ 'ಕಾಂಬಿ' ಅಂತ ಪದ್ಧತಿ. ಅಪಾಯ ಇದೆ ಅಂತ ಅನಿಸಿದ ಮ್ಯಾಚಿಗೆ ಪರಊರಿನ ಟಿಕೆಟ್ ಬೇಕಾದರೆ ಬಸ್ಸಿನ ಸೀಟನ್ನೂ ಜೊತೆಗೇ ಕೊಳ್ಳಬೇಕು. ಎಲ್ಲರೂ ಕ್ಲಬ್ ಗೊತ್ತು ಮಾಡಿದ ಬಸ್ಸಲ್ಲೇ ಹೋಗಬೇಕು. ನೀವು ಎದುರು ತಂಡದ ಸ್ಟೇಡಿಯಂ ಪಕ್ಕದ ಬೀದಿಯಲ್ಲೇ ಮನೆ ಮಾಡಿದ್ದೀರಾ? ಆದರೂ ಮೊದಲು ನಿಮ್ಮ ತಂಡದ ಊರಿಗೆ ಹೋಗಿ, ಬಸ್ಸು ಹತ್ತಿ, ವಾಪಸ್ ನಿಮ್ಮ ಬೀದಿಗೇ ಬಂದು ಇಳಿಯಬೇಕು. ತಮಾಷೆ ಅಂದುಕೊಳ್ಳಬೇಡಿ, ನನ್ನ ಸಹೋದ್ಯೋಗಿಯೊಬ್ಬರ ಪಾಡು ಇದು. ಅಯಾಕ್ಸ್ ಮತ್ತು ಫೆಯೆನೂರ್ಡ್ ನಡುವಿನ ಆಟಕ್ಕಂತೂ ಅದೂ ಇಲ್ಲ. 2009ರಿಂದ ಪರಊರಿನವರಿಗೆ ಪ್ರವೇಶವೇ ಇಲ್ಲ.

ಕಿಟಕಿ ಸೀಟು:
ಬ್ರಿಟನ್ನಿನಲ್ಲೂ ಇದರ ತಮ್ಮ ಇದ್ದಾನೆ. 'ಬಬಲ್ ಮ್ಯಾಚ್' ಅನ್ನುತ್ತಾರೆ. ವೇಲ್ಸ್‌ನ ಕಾರ್ಡಿಫ್ ಮತ್ತು ಸ್ವಾನ್ಸಿ ಆಟ ವರ್ಷಾನುಗಟ್ಟಲೆ ಹೀಗೇ ನಡೆಯಿತು. ಕೈಗೆ ಟಿಕೆಟ್ ಬದಲು ಒಂದು ಚೀಟಿ ಕೊಡುತ್ತಿದ್ದರು. ಬಸ್ಸು ಹತ್ತಿದ ಮೇಲೆಯೇ ಚೀಟಿಗೆ ಬದಲಾಗಿ ಟಿಕೆಟ್. ಬಸ್ಸುಗಳ ಸಾಲು, ಮುಂದೆ ಹಿಂದೆ ಪೊಲೀಸ್. ನೇರ ಸ್ಟೇಡಿಯಂ ಬಾಗಿಲಿಗೆ, ಅಲ್ಲಿಂದ ನೇರ ಮನೆಗೆ. ಎರಡೂ ಊರಿನ ನಡುವೆ ನಲವತ್ತು ಚಿಲ್ಲರೆ ಮೈಲಿ ಅಷ್ಟೇ.

ಸುಮ್ನೆ ನೋಡುವವ:
ಅದು ಜಾಸ್ತಿ ಆಯಿತು, ನಾನೂ ಒಪ್ಪುತ್ತೇನೆ. ಆದ್ರೆ ನಿಯಮ ಸಡಿಲ ಬಿಟ್ಟರೆ ಏನಾಗುತ್ತದೆ ಅಂತಲೂ ನೋಡಿ. 2023ರ ಆಗಸ್ಟ್ 20ರಂದು ಬ್ರೆಜಿಲ್‌ನಲ್ಲಿ ಕೊರಿಂಥಿಯನ್ಸ್ ಅಭಿಮಾನಿಗಳ ಬಸ್ಸು ಉರುಳಿ ಏಳು ಜನ ಸತ್ತರು. ಬೆಲೊ ಒರಿಜಾಂಚಿಯಲ್ಲಿ ಮ್ಯಾಚ್ ನೋಡಿ ರಾತ್ರಿ ವಾಪಸ್ ಹೊರಟಿದ್ದರು. ಆ ಬಸ್ಸಿಗೆ ಅಂಥ ಪ್ರಯಾಣಕ್ಕೆ ಪರವಾನಗಿಯೇ ಇರಲಿಲ್ಲ. ಗ್ರೀಸ್‌ನಲ್ಲಿ 1999ರ ಅಕ್ಟೋಬರ್ 4ರಂದು ಅಥೆನ್ಸ್‌ನಿಂದ ಮರಳುತ್ತಿದ್ದ ಪಾವೊಕ್ ತಂಡದ ಆರು ಅಭಿಮಾನಿಗಳು ಟೆಂಪಿ ಕಣಿವೆಯಲ್ಲಿ ಸತ್ತರು. ಅಲ್ಲಿನ ಅಭಿಮಾನಿಗಳು ಇಂದಿಗೂ ಪ್ರತಿ ವರ್ಷ ಅವರನ್ನು ನೆನೆಯುತ್ತಾರೆ. ಬಡಿದಾಟದಲ್ಲಿ ಸತ್ತವರಲ್ಲ ಇವರು. ಮನೆಗೆ ಹೊರಟವರು.

ಮೂರನೇ ಗೇರು:
ಇದು ನಾನು ಹೇಳಿದ ಎರಡನೇ ಕಂತೆಗೆ ಸೇರಿದ್ದು. ಪರಊರಿನ ಮ್ಯಾಚಿನ ಅಪಾಯದ ಹೊತ್ತು ವಾಪಸ್ ದಾರಿ. ರಾತ್ರಿ, ಎಲ್ಲರೂ ನಿದ್ದೆಯಲ್ಲಿ, ಡ್ರೈವರ್ ಒಬ್ಬನೇ ಎಚ್ಚರ. ಬಸ್ಸಿನ ಪರವಾನಗಿ, ಡ್ರೈವರಿನ ಬಿಡುವು, ಸೀಟ್ ಬೆಲ್ಟ್, ಇವಕ್ಕೆ ದುಡ್ಡು ಖರ್ಚಾಗುತ್ತದೆ. ಒಂದು ಸೀಟಿನ ದರ ಕಡಿಮೆ ಮಾಡಲು ಎರಡನೇ ಡ್ರೈವರನ್ನು ಬಿಡಿ ಅಂತ ನನ್ನನ್ನೇ ಕೇಳಿದವರಿದ್ದಾರೆ. ಪೊಲೀಸರಿಗೆ 48 ಗಂಟೆ ಮೊದಲು ಹೇಳಲಿಲ್ಲ ಅಂದರೆ ಯಾರೂ ಸಾಯಲ್ಲ.

ಎಡಗಾಲು:
ನಾನು ಹೇಳಬೇಕಾದ್ದನ್ನು ನೀವೇ ಹೇಳಿಬಿಟ್ಟಿರಿ. ಡ್ರೈವರಿನ ನಿಯಮವನ್ನು ಇನ್ನೂ ಬಿಗಿ ಮಾಡಿದರೂ ಬಸ್ಸಲ್ಲಿ ಕೂತವರು ಒಪ್ಪುತ್ತಾರೆ, ಯಾಕಂದ್ರೆ ಅದು ಅವರ ಜೀವಕ್ಕಾಗಿ. ಅವರನ್ನೇ ಅಪಾಯ ಅಂತ ಎಣಿಸುವ ನಿಯಮಕ್ಕೆ ಮಾತ್ರ ಮೈ ಉರಿಯುತ್ತದೆ.

ಕಿಟಕಿ ಸೀಟು:
ಇನ್ನೊಂದು ಕಡೆಯಿಂದಲೂ ಬಸ್ಸಿನ ಮೇಲೆ ಭಾರ ಬಿದ್ದಿದೆ. ಟಿವಿ. ಮೊದಲು ಹೆಚ್ಚಿನ ಆಟ ಶನಿವಾರ ಮಧ್ಯಾಹ್ನ ಮೂರಕ್ಕೆ. ಪ್ರೀಮಿಯರ್ ಲೀಗ್ ಶುರುವಾದ 1992ರಿಂದ ಸೋಮವಾರ ರಾತ್ರಿಯ ಆಟ ಬಂತು. ಈಗ ಯಾವ ದಿನ, ಯಾವ ಹೊತ್ತು ಅನ್ನೋದನ್ನು ಟಿವಿಯವರು ತೀರ್ಮಾನ ಮಾಡುತ್ತಾರೆ. ಲಂಡನ್ನಿನಲ್ಲಿ ಸೋಮವಾರ ರಾತ್ರಿ ಹತ್ತಕ್ಕೆ ಆಟ ಮುಗಿದರೆ ಉತ್ತರಕ್ಕೆ ರೈಲು ಇಲ್ಲ. ಡಿಸೆಂಬರ್ 26ರಂದು ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ರೈಲೇ ಓಡಲ್ಲ, ಆದ್ರೆ ಫುಟ್ಬಾಲಿಗೆ ಅದು ವರ್ಷದ ದೊಡ್ಡ ದಿನ. ಆಗೆಲ್ಲ ಕಾರಿಲ್ಲದವರಿಗೆ ಬಸ್ಸೇ ದಾರಿ. ಪೊಲೀಸರು ಅನುಮಾನದಿಂದ ನೋಡುವ ಈ ಬಸ್ಸು ಇಲ್ಲದಿದ್ದರೆ ಟಿವಿಗೆ ಬೇಕಾದ ಆ ಹಾಡುವ ಮೂಲೆ ಖಾಲಿ.

ಇದನ್ನು ಲೀಗಿನವರೂ ತಿಳಿದುಕೊಂಡಿದ್ದಾರೆ. ಅಭಿಮಾನಿಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2016-17ರಿಂದ ಪರಊರಿನ ಟಿಕೆಟ್ 30 ಪೌಂಡ್ ಮೀರಬಾರದು ಅಂತ ಮಾಡಿದರು. ಅವರು ಕೇಳಿದ್ದು 20. ಟಿಕೆಟ್ ಬೆಲೆ ನಿಂತಿತು, ಬಸ್ಸಿನ ಬಾಡಿಗೆ ನಿಲ್ಲಲಿಲ್ಲ.

ಹೊಸ ಬೂಟು:
ಎಲ್ಲರಿಗೂ ನಮಸ್ಕಾರ. ಓದಲು ಇಂಗ್ಲೆಂಡಿಗೆ ಬಂದಿದ್ದೇನೆ. ಮುಂದಿನ ತಿಂಗಳು ಮೊದಲ ಸಲ ಅಭಿಮಾನಿಗಳ ಬಸ್ಸಲ್ಲಿ ಹೋಗುತ್ತಿದ್ದೇನೆ. ಯಾರೂ ಪರಿಚಯ ಇಲ್ಲ. ಏನು ತಿಳಿದಿರಬೇಕು?

ಆಫ್‌ಸೈಡ್ ಅಕ್ಕ:
ಬಾ ತಮ್ಮ. ಮೊದಲು, ಖಾಲಿ ಕಂಡ ಸೀಟಲ್ಲಿ ಹೋಗಿ ಕೂರಬೇಡ. ಯಾವ ಸೀಟು ಯಾರದ್ದು ಅಂತ ಬರೆದಿರಲ್ಲ, ಆದ್ರೆ ಎಲ್ಲರಿಗೂ ಗೊತ್ತಿರುತ್ತದೆ. ಬಸ್ಸು ನಡೆಸುವವರು ಯಾರು ಅಂತ ಕೇಳಿ, ಅವರು ತೋರಿಸಿದಲ್ಲಿ ಕೂತುಕೋ. ದುಡ್ಡು ಮುಂಚೆಯೇ ಕೊಟ್ಟುಬಿಡು. ಬರಲು ಆಗದಿದ್ದರೆ ಹಿಂದಿನ ದಿನವೇ ಹೇಳು. ಇದೊಂದು ಮಾಡಿದರೆ ಮುಂದಿನ ಸಲ ಅವರೇ ನಿನಗೆ ಫೋನ್ ಮಾಡುತ್ತಾರೆ. ಎದುರು ತಂಡದ ಊರಲ್ಲಿ ಒಬ್ಬನೇ ಅಡ್ಡಾಡುವುದಿದ್ದರೆ ತಂಡದ ಮಫ್ಲರ್ ಚೀಲದೊಳಗೆ ಇರಲಿ.

ಮೂರನೇ ಗೇರು:
ಬಸ್ಸಲ್ಲಿ ಬಿಯರ್ ತರಬೇಡ, ವಾಪಸ್ ಬರುವಾಗಲೂ. ಕಾನೂನು ಎರಡೂ ದಾರಿಗೆ ಅನ್ವಯಿಸುತ್ತದೆ, ಕುಡಿದು ಬಸ್ಸಲ್ಲಿರುವುದೂ ಅಪರಾಧ. ಬಸ್ಸು ನಿಲ್ಲಿಸಿದ ಜಾಗದ ಫೋಟೋ ತೆಗೆದುಕೋ, ನಂಬರ್ ಪ್ಲೇಟ್ ಕಾಣುವ ಹಾಗೆ. ಆಟ ಮುಗಿದ ಮೇಲೆ ಒಂದೇ ಥರದ ಬಿಳಿ ಬಸ್ಸುಗಳು ಸಾಲಾಗಿ ನಿಂತಿರುತ್ತವೆ, ಎಲ್ಲದರಲ್ಲೂ ನಿನ್ನ ತಂಡದವರೇ ಇರುತ್ತಾರೆ, ಆದ್ರೆ ಎಲ್ಲವೂ ನಿನ್ನ ಊರಿಗೆ ಹೋಗಲ್ಲ.

ಹೊಸ ಬೂಟು:
ಕೊನೆಯ ಹತ್ತು ನಿಮಿಷ ಬಿಟ್ಟು ಬೇಗ ಬಂದರೆ ಬಸ್ಸಲ್ಲಿ ಕೂತಿರಬಹುದಾ? ಚಳಿ ಜಾಸ್ತಿ ಅಂತ ಕೇಳಿದೆ.

ಸುಮ್ನೆ ನೋಡುವವ:
ಬಸ್ಸಿಗೆ ಬೀಗ ಹಾಕಿರುತ್ತಾರೆ ತಮ್ಮ. ಡ್ರೈವರ್ ಒಳಗಿದ್ದರೂ ಅವನದ್ದು ಬಿಡುವಿನ ಹೊತ್ತು, ಎಬ್ಬಿಸಬೇಡ. ಆಟ ಪೂರ್ತಿ ನೋಡು.